ಅಕ್ಕನ ಗೇಟ್‌ವೇ ಎಲ್ಲಿದೆ

೬ ಮಾರ್ಚ್ ೨೦೧೨

ಅಕ್ಕಾ,

ಮೂರು ಭಾನುವಾರ ಆಯಿತು, ನೀನು ನನಗೆ ಸಿಕ್ಕಿಲ್ಲ. ಫೋನು ನನ್ನ ಕಿವಿಗೆ ಒಗ್ಗುವುದಿಲ್ಲವೆಂದು ನಿನಗೆ ಗೊತ್ತು. ಈಮೇಲ್ ಕಳಿಸಿದರೆ ಅದು ಭಾವನ ಡಬ್ಬಿಗೆ ಹೋಗುತ್ತದೆ, ಅವರು ನನ್ನ ಕಾಗುಣಿತ ತಿದ್ದಿ ನಿನಗೆ ಓದಿ ಹೇಳುತ್ತಾರೆ. ಪ್ರೆಸ್ಸಿನಲ್ಲಿ ಕರಡು ತಿದ್ದಿ ತಿದ್ದಿ ಅವರ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಈ ಕಾಗದ.

ಮೊನ್ನೆ ಭಾನುವಾರವೂ ಹತ್ತು ಗಂಟೆಗೆ ನಮ್ಮ ಹವ್ಯಾಸಿ ರೇಡಿಯೋ ಬಳಗದ ಹಾಜರಿ ಮೇಷ್ಟ್ರು ಎಂದಿನಂತೆ ಒಬ್ಬೊಬ್ಬರನ್ನೇ ಕರೆದು ಹಾಜರಿ ಹಾಕಿದರು. ನನ್ನ ಸರದಿ ಬಂದಾಗ ಟೈಪು ಮಾಡಿ ಕೇಳಿದೆ, "ಅಕ್ಕ ಬಂದಿದ್ರಾ ಮೇಷ್ಟ್ರೇ?" "ಬಂದಿದ್ರಲ್ಲ, ಈಗ ತಾನೇ ಹೋದ್ರು. ಸಿಗ್ನಲ್ ಗಟ್ಟಿಯಾಗಿತ್ತು" ಎಂದು ಪರದೆಯ ಮೇಲೆ ಬಂತು. ಸರಿ, ಹತ್ತೂವರೆಗೆ ನಮ್ಮಿಬ್ಬರ ಹೊತ್ತು. ನಾನು ಕರೆಯುತ್ತೇನೆ, ಕರೆಯುತ್ತೇನೆ, "ಉತ್ತರವಿಲ್ಲ" ಎಂಬುದೊಂದೇ. ಎಲ್ಲರಿಗೂ ಸಿಗುವವಳು ನನಗೊಬ್ಬನಿಗೆ ಸಿಗುವುದಿಲ್ಲವೆಂದರೆ ಏನು?

ಮನೆಯಲ್ಲಿ ನನ್ನ ಹೆಂಡತಿ, ನಿನ್ನ ನಾದಿನಿ, ಕೇಳಿದಳು, "ರೇಡಿಯೋ ಅಲ್ವಾ, ಗಾಳೀಲಿ ತಾನೇ ಹೋಗೋದು, ದಾರಿ ಹೇಗೆ ತಪ್ಪತ್ತೆ?" ಅವಳಿಗೆ ಹೇಳಿದೆ: ಇಷ್ಟು ದೂರ ಬರೀ ಗಾಳಿಯಲ್ಲಿ ಹೋಗುವುದಿಲ್ಲ ಮಾರಾಯ್ತಿ. ನಮ್ಮ ಮಾತು ರೇಡಿಯೋದಿಂದ ಗೇಟ್‌ವೇ ಡಬ್ಬಿಯೊಳಗೆ ಇಳಿದು, ಇಂಟರ್ನೆಟ್ಟಿನಲ್ಲಿ ಪ್ರಯಾಣ ಮಾಡಿ, ಅಕ್ಕನ ಡಬ್ಬಿಯಿಂದ ಮತ್ತೆ ಅವಳ ರೇಡಿಯೋಗೆ ಏರುತ್ತದೆ. ಯಾರ ಡಬ್ಬಿ ಇಂಟರ್ನೆಟ್ಟಿನ ಯಾವ ನಂಬರಿನಲ್ಲಿದೆ ಎಂಬ ಪಟ್ಟಿಯನ್ನು ಕೇಂದ್ರದ ಯಂತ್ರ ಐದು ನಿಮಿಷಕ್ಕೊಮ್ಮೆ ಎಲ್ಲರಿಗೂ ಸಾರುತ್ತದೆ. ಯಾರಾದರೂ ಜಾಗ ಬದಲಿಸಿದರೆ ಉಳಿದವರ ಯಂತ್ರಗಳು ತಾವಾಗಿಯೇ ತಿದ್ದಿಕೊಳ್ಳುತ್ತವೆ, ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಅವಳು, "ಅಷ್ಟೆಲ್ಲ ತಾನಾಗಿ ಆಗೋದಾದ್ರೆ ನೀವ್ಯಾಕೆ ಮೂರು ವಾರದಿಂದ ತಲೆ ಕೆರ್ಕೊಳ್ತಾ ಇದೀರಿ?" ಎಂದಳು.

ಐಸ್ ಕಾರ್ಖಾನೆಯಲ್ಲಿ ಎಲ್ಲ ಮಾಮೂಲು. ಕಂಪ್ರೆಸರುಗಳು ಹಾಗೇ ಅರಚುತ್ತಿವೆ.

ನಿನ್ನ ಡಬ್ಬಿಯನ್ನೊಮ್ಮೆ ನೋಡು. ಭಾವನಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ


೨೪ ಮಾರ್ಚ್ ೨೦೧೨

ಪುಟ್ಟು,

ನಿನ್ನ ಕಾಗದ ನನ್ನ ಕೈಗೆ ಬಂದದ್ದು ಮೊನ್ನೆ.

ನನ್ನ ಕಡೆ ಎಲ್ಲ ಸರಿಯಾಗಿದೆ. ಹತ್ತೂವರೆಗೆ ನಾನೂ ಕರೆಯುತ್ತೇನೆ. ನನ್ನ ಕರೆ ನಿನ್ನ ಮನೆಯವರೆಗೆ ಹೋಗುತ್ತದೆ, ಮರುಮಾತು ಬರುವುದಿಲ್ಲ. ಬಾಗಿಲು ಮುಚ್ಚಿರುವುದು ನಿನ್ನ ಕಡೆ. ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಕೊಟ್ಟವಳು ನಾನು. ಲೈನು ಕೆಟ್ಟಿರುವುದು ಯಾವುದು, ಫೋನು ಎತ್ತದೇ ಇರುವುದು ಯಾವುದು ಎಂದು ನನಗೆ ಗೊತ್ತಾಗುತ್ತದೆ.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ.

ನಿನ್ನ ಭಾವ ನಿನಗೇನಾದರೂ ಬರೆದರೇ?

ಅಕ್ಕ


೩೦ ಮಾರ್ಚ್ ೨೦೧೨

ಅಕ್ಕಾ,

ನಿನ್ನ ಕಾಗದದ ತಲೆಬುಡ ನನಗೆ ಅರ್ಥವಾಗಲಿಲ್ಲ. ಭಾವ ನನಗೆ ಯಾಕೆ ಬರೆಯುತ್ತಾರೆ? ಒಂದೇ ಮನೆಯಲ್ಲಿರುವ ನೀನು ಅವರನ್ನೇ ಕೇಳಬಹುದಲ್ಲ. ನನ್ನ ಕಾಗದ ನಿಮ್ಮ ಮನೆಗೆ ಮೂರು ದಿನದಲ್ಲಿ ಬರುತ್ತದೆ. ಬಾಗಿಲಿಂದ ನಿನ್ನ ಮೇಜಿಗೆ ಬರಲು ಎರಡು ವಾರ ಬೇಕಾಯಿತೇ? ಲಕೋಟೆಯ ಮೇಲಿನ ಮುದ್ರೆಯೂ ನಿಮ್ಮ ಅಂಚೆಕಚೇರಿಯದಲ್ಲ. ಬೇರೆಲ್ಲೋ ಹೋದಾಗ ಹಾಕಿರಬೇಕು ಅಂದುಕೊಂಡೆ.

ನನ್ನ ಬಾಗಿಲು ಮುಚ್ಚಿಲ್ಲ. ಈಗ ಹಗಲೆಲ್ಲ ಮನೆಯಲ್ಲೇ ಇರುವುದರಿಂದ (ರಜೆ ಉಳಿದಿತ್ತು, ಹಾಕಿದ್ದೇನೆ) ಒಂದೊಂದನ್ನೇ ಬಿಚ್ಚಿ ನೋಡಿದೆ. ಆಂಟೆನಾದ ಕೇಬಲ್ ಹೊಸದು ಹಾಕಿದೆ. ಗೇಟ್‌ವೇಯನ್ನು ಆರಿಸಿ ಹೊತ್ತಿಸಿದೆ. ನಿನ್ನ ನಾದಿನಿ ಒದ್ದೆ ಒರೆಸುವ ಬಟ್ಟೆಯನ್ನು ಅದರ ಹತ್ತಿರದಿಂದ ಎತ್ತಿಟ್ಟಳು, ಅದೂ ಆಯಿತು. ಹಾಜರಿ ಮೇಷ್ಟ್ರಿಗೆ ಸಿಗುತ್ತೇನೆ, ದ್ವೀಪದ ಡಾಕ್ಟರಿಗೆ ಸಿಗುತ್ತೇನೆ, ಗಡಿಯಾಚೆಯ ಆ ಮುಂಗೋಪಿಗೂ ಸಿಗುತ್ತೇನೆ. ನಿನಗೆ ಮಾತ್ರ ಇಲ್ಲ.

ಮೇಷ್ಟ್ರು, "ನಿಮ್ಮಕ್ಕಂಗೆ ಏನಾದ್ರೂ ಹೇಳ್ಬೇಕಾ? ಹೇಳಿ, ದಾಟಿಸ್ತೀನಿ" ಎಂದರು. ಬೇಡವೆಂದೆ. ಅಕ್ಕತಮ್ಮಂದಿರ ಮಾತಿಗೆ ಮೂರನೆಯವರು ಯಾಕೆ?

ಅಕ್ಕಾ, ನಾನೇನಾದರೂ ತಪ್ಪು ಮಾಡಿದೆನಾ? ಹೋದ ವರ್ಷ ನಿನ್ನ ಬೆಸುಗೆ ಕಡ್ಡಿ ತಂದವನು ವಾಪಸು ಕೊಟ್ಟಿಲ್ಲ, ನಿಜ. ಜನವರಿಯಲ್ಲಿ ನೀನು ಏನೋ ಹೇಳಲು ಹೊರಟಾಗ ನಾನು ನನ್ನ ಹೊಸ ಬ್ಯಾಟರಿ ಪುರಾಣ ಹಿಡಿದು ಕೂತೆ, ನೀನು "ಇರಲಿ ಬಿಡು" ಎಂದು ಬರೆದು ಹೋದೆ. ಅದೇನಾ? ಏನಿದ್ದರೂ ಬೈದುಬಿಡು. ಹೀಗೆ ಮುಖ ತಿರುಗಿಸಿಕೊಂಡರೆ ನನಗೆ ದಿಕ್ಕು ತೋಚುವುದಿಲ್ಲ.

ತಮ್ಮ


೧೨ ಏಪ್ರಿಲ್ ೨೦೧೨

ಪುಟ್ಟು,

ಏನೂ ಗೊತ್ತಿಲ್ಲದವನ ಹಾಗೆ ಬರೆಯುವುದು ನಿನಗೆ ಶೋಭೆಯಲ್ಲ. ನಿನ್ನ ಭಾವ ನಿನ್ನನ್ನು ಓದಿಸಿದರು, ಕಾರ್ಖಾನೆಗೆ ಸೇರಿಸಿದರು. ಆ ಋಣ ನಿನ್ನ ಮೇಲಿದೆಯೆಂದು ನನಗೂ ಗೊತ್ತು. ಅವರ ಕಡೆ ನಿಲ್ಲಬೇಕಾದರೆ ನಿಲ್ಲು, ನಾನು ಬೇಡವೆನ್ನುವುದಿಲ್ಲ. ಬಾಗಿಲು ಹಾಕಿಕೊಂಡು, ಕೇಬಲ್ ಬದಲಿಸಿದೆ, ಬಟ್ಟೆ ಎತ್ತಿಟ್ಟೆ ಎಂಬ ಕತೆ ಮಾತ್ರ ಹೇಳಬೇಡ.

ಬೆಸುಗೆ ಕಡ್ಡಿ ನೀನೇ ಇಟ್ಟುಕೋ.

ಅಕ್ಕ


೨೦ ಏಪ್ರಿಲ್ ೨೦೧೨

ಅಕ್ಕಾ,

ಈ ಕಾಗದ ನಿನ್ನ ಕೈಗೆ ಯಾವಾಗ ಸಿಗುತ್ತದೋ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಲಕೋಟೆಯ ಮೇಲೆ ಹಳೆಯ ವಿಳಾಸವನ್ನೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಬೇರೆ ವಿಳಾಸ ಇಲ್ಲ.

ನಿನ್ನ ಕಾಗದ ಓದಿ ಎರಡು ದಿನ ಕಕ್ಕಾಬಿಕ್ಕಿಯಾಗಿ ಕೂತೆ. ಯಾರ ಕಡೆ, ಯಾವ ಕಡೆ? ಕೊನೆಗೆ ಬುಧವಾರ ಮೀಟರು, ತಿರುಪುಳಿ, ಇಕ್ಕಳ ಎಲ್ಲ ಚೀಲಕ್ಕೆ ತುಂಬಿಕೊಂಡು ಮೊದಲ ಬಸ್ಸು ಹತ್ತಿದೆ. ನಿನ್ನ ಡಬ್ಬಿಯನ್ನು ನಾನೇ ಬಿಚ್ಚಿ ನೋಡೋಣ, ನೀನು ಬೈದರೆ ಎದುರಿಗೇ ಬೈಸಿಕೊಳ್ಳೋಣ ಎಂದು.

ಭಾವ ಬಾಗಿಲು ತೆರೆದರು. ಗಡ್ಡ ಬಿಟ್ಟಿದ್ದಾರೆ. ಅವರು ಏನೋ ಅಂದರು, ನನಗೆ "ಸಂಜೆ ಬರ್ತಾಳೆ" ಅಂದಂತೆ ಕಂಡಿತು. ಸರಿ ಎಂದು ಕೂತೆ. ಚಹಾ ಮಾಡಿ ಕೊಟ್ಟರು, ಸಕ್ಕರೆ ಮರೆತಿದ್ದರು. ನಾನು ನಿನ್ನ ಕೋಣೆಗೆ ಹೋದೆ. ಮೇಜು ಖಾಲಿ. ರೇಡಿಯೋ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಚೌಕಾಕಾರವಾಗಿ ಹೊಸದಾಗಿ ಉಳಿದಿದೆ. ತಾರಸಿಗೆ ಓಡಿದೆ. ಆಂಟೆನಾ ಇಲ್ಲ, ನಾಲ್ಕು ಬೋಲ್ಟು ಮಾತ್ರ ಆಕಾಶ ನೋಡುತ್ತಿವೆ. ಕೆಳಗೆ ಬಂದರೆ ಅಡುಗೆಮನೆಯಲ್ಲಿ ಒಂದೇ ತಟ್ಟೆ ಮಗುಚಿ ಹಾಕಿದೆ. ನೀನು ಆಸ್ಪತ್ರೆಯಲ್ಲಿದ್ದೀಯಾ? ಆಸ್ಪತ್ರೆಯಲ್ಲಿರುವವಳು ಭಾನುವಾರ ಮೇಷ್ಟ್ರಿಗೆ ಹಾಜರಿ ಹೇಗೆ ಕೊಡುತ್ತಾಳೆ?

ಸಂಜೆಯವರೆಗೆ ಕೂತೆ. ಐದು ಗಂಟೆಗೆ "ಅಕ್ಕ ಇನ್ನೂ ಬರ್ಲಿಲ್ವಲ್ಲ ಭಾವ" ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಕೆಂಪು ಪೆನ್ಸಿಲ್ ತೆಗೆದು ಒಂದು ಹಾಳೆಯ ಮೇಲೆ ಬರೆದು ತೋರಿಸಿದರು: "ನಾನು ಕೇಳಿದ್ದು, ಸಂಜೆವರೆಗೂ ಇರ್ತೀಯಾ, ಎಂದು. ಅವಳು ಇಲ್ಲಿಲ್ಲ. ಕ್ಷೇಮವಾಗಿದ್ದಾಳೆ. ಅವಳೇ ಹೇಳುವವರೆಗೆ ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದಾಳೆ." ಅಷ್ಟು ಗಾಬರಿಯಲ್ಲೂ ಅಲ್ಪವಿರಾಮ ಎಲ್ಲ ಸರಿಯಾಗಿ ಹಾಕಿದ್ದರು.

ಹೊರಡುವಾಗ ನನ್ನ ತೋಳು ಹಿಡಿದು ಪಡಸಾಲೆಯ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಇಂಟರ್ನೆಟ್ ಪೆಟ್ಟಿಗೆ ಇದೆಯಲ್ಲ, ಪ್ರೆಸ್ಸಿನವರು ಹಾಕಿಸಿಕೊಟ್ಟದ್ದು. ಅದರ ದೀಪ ತೋರಿಸಿ ಬರೆದರು: "ಪ್ರತಿ ಭಾನುವಾರ ಹತ್ತೂವರೆಗೆ ಇದು ಮಿಣುಕಿ ಮಿಣುಕಿ ಬಡಿದುಕೊಳ್ಳುತ್ತದೆ. ಅವಳೇ. ಅದಕ್ಕೇ ಆರಿಸಿಲ್ಲ."

ನೀನು ಭಾವನ ಜೊತೆ ಮಾತಾಡುತ್ತೀಯಾ? ನನ್ನ ಹೊತ್ತಿನಲ್ಲಿ? ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಕ್ಕಾ. ಎಲ್ಲಿದ್ದೀಯ ಅಷ್ಟು ಹೇಳು.

ತಮ್ಮ


೨ ಮೇ ೨೦೧೨

ಪುಟ್ಟು,

ನಿನ್ನ ಕಾಗದಗಳನ್ನೆಲ್ಲ ಅವರೇ ಹೊಸ ಲಕೋಟೆಯಲ್ಲಿಟ್ಟು ಇಲ್ಲಿಗೆ ಕಳಿಸುತ್ತಿದ್ದರು. ಒಂದು ಅಕ್ಷರ ಸೇರಿಸುತ್ತಿರಲಿಲ್ಲ. ಈ ಸಲ ಲಕೋಟೆಯ ಹಿಂದೆ ಕೆಂಪು ಪೆನ್ಸಿಲಿನಲ್ಲಿ ಎರಡು ಸಾಲು ಇತ್ತು: "ಅವನಿಗೆ ಕಿವಿ ಪೂರ್ತಿ ಹೋಗಿದೆ. ನಿನಗೆ ಹೇಳಿಲ್ಲ ಎಂದು ಕಾಣುತ್ತದೆ."

ಅದನ್ನು ಓದಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅದರ ಮಾತು ಆಮೇಲೆ. ಮೊದಲು ನನ್ನದು.

ನಾನು ಫೆಬ್ರವರಿ ಹದಿನಾಲ್ಕಕ್ಕೆ ಆ ಮನೆ ಬಿಟ್ಟೆ. ಈಗ ಕನ್ನಡಕದ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದೇನೆ. ಕಿರಿದಾದ ಮೆಟ್ಟಿಲು, ಒಂದು ಕಿಟಕಿ, ಆಂಟೆನಾ ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿದೆ. ಅಂಗಡಿಯವನ ಹೆಂಡತಿ "ಟೀವಿದಾ?" ಎಂದಳು, ಹೂಂ ಎಂದೆ. ವಿಳಾಸ ಕೆಳಗೆ ಬರೆದಿದ್ದೇನೆ.

ಯಾಕೆ ಎಂದು ಕೇಳುತ್ತೀಯ. ನನ್ನ ರೇಡಿಯೋ ದಾಖಲೆ ಪುಸ್ತಕ ಇದೆಯಲ್ಲ, ಯಾರ ಜೊತೆ ಯಾವ ನಿಮಿಷದಲ್ಲಿ ಮಾತಾಡಿದೆ ಎಂದು ಬರೆಯುವುದು. ಆವತ್ತು ಹಳೆಯದೊಂದು ಪುಟ ಬೇಕಾಗಿ ತೆರೆದೆ. ಕೆಂಪು ಗುರುತುಗಳು. ಹಿಂದಿನ ಪುಸ್ತಕ ತೆಗೆದೆ, ಅದರಲ್ಲೂ. ಹನ್ನೆರಡು ಪುಸ್ತಕಗಳಲ್ಲೂ. ಕಾಗುಣಿತ ತಿದ್ದಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ವೇಳೆಯನ್ನೂ ತಿದ್ದಿದ್ದಾರೆ. ನಾನು "೧೦ ಗಂಟೆ ೩೪ ನಿಮಿಷ" ಎಂದು ಬರೆದದ್ದು "ಹತ್ತೂವರೆ" ಆಗಿದೆ. ದಾಖಲೆಯಲ್ಲಿ ಬರೆದದ್ದನ್ನು ಯಾರೂ ಮುಟ್ಟಬಾರದು, ನಾವಿಬ್ಬರೂ ರೇಡಿಯೋ ಪರವಾನಗಿಯ ಪರೀಕ್ಷೆಗೆ ಮೊದಲು ಕಲಿತದ್ದೇ ಅದು. ಕೇಳಿದೆ, "ಇದ್ಯಾಕೆ ಮಾಡಿದ್ರಿ?" "ಚೊಕ್ಕವಾಗಿರ್ಲಿ ಅಂತ. ಎಲ್ಲಾ ಒಂದೇ ಥರ ಇರ್ಲಿ ಅಂತ" ಎಂದರು. ಜಗಳವಾಡಲಿಲ್ಲ. ಅವರ ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇರಲಿಲ್ಲ. ಮೂವತ್ತಾರು ವರ್ಷದಲ್ಲಿ ನಾನು ಹೇಳಿದ್ದು ಯಾವುದಾದರೂ ಹೇಳಿದ ಹಾಗೇ ಉಳಿದಿದೆಯೇ ಎಂದು ಯೋಚಿಸುತ್ತಾ ನಿಂತೆ. ಒಂದೂ ನೆನಪಾಗಲಿಲ್ಲ.

ಇಷ್ಟಕ್ಕೇ ಮನೆ ಬಿಡುತ್ತಾರಾ ಎಂದು ನೀನು ಕೇಳುವ ಮೊದಲು ನಾನೇ ದಿನಕ್ಕೆ ಹತ್ತು ಸಲ ಕೇಳಿಕೊಂಡಿದ್ದೇನೆ. ಉತ್ತರ ಒಂದು ದಿನ ಹೌದು, ಒಂದು ದಿನ ಅಲ್ಲ. ಜನವರಿಯಲ್ಲಿ ನಿನಗೆ ಹೇಳಲು ಹೊರಟದ್ದು ಬೇರೇನೋ, ಅದೂ ಇಂಥದ್ದೇ ಸಣ್ಣದು. ಎಲ್ಲವೂ ಸಣ್ಣವೇ.

ಇಲ್ಲಿಗೆ ಬಂದ ದಿನವೇ ಗೇಟ್‌ವೇಯ ಹೊಸ ನಂಬರನ್ನು ಕೇಂದ್ರದಲ್ಲಿ ದಾಖಲಿಸಿದೆ. ಐದು ನಿಮಿಷಕ್ಕೆ ಎಲ್ಲರ ಯಂತ್ರಗಳಿಗೂ ಗೊತ್ತಾಯಿತು. ಭಾನುವಾರ ಎಲ್ಲರೂ ಸಿಕ್ಕರು, ಒಬ್ಬರೂ ಏನೂ ಕೇಳಲಿಲ್ಲ. ನೀನು ಮಾತ್ರ ಸಿಗಲಿಲ್ಲ. ನಾನು ಮನೆ ಬಿಟ್ಟ ವಾರವೇ ನಿನ್ನ ಬಾಗಿಲು ಮುಚ್ಚಿತು. ಮಾತು ಕೊಟ್ಟೂ ಅವರು ನಿನಗೆ ಹೇಳಿದ್ದಾರೆ, ನೀನು ತೀರ್ಮಾನ ಮಾಡಿದ್ದೀಯ ಎಂದುಕೊಂಡೆ. ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಆ ದೀಪದ ಮಾತು ನನಗೆ ಅರ್ಥವಾಗಲಿಲ್ಲ. ನಾನು ಆ ಮನೆಗೆ ಏನನ್ನೂ ಕಳಿಸಿಲ್ಲ.

ಕಿವಿಗೆ ಏನಾಯಿತು? ರಜೆ ಎಂದೆಯಲ್ಲ, ಯಾವ ರಜೆ?

ಅಕ್ಕ


೮ ಮೇ ೨೦೧೨

ಅಕ್ಕಾ,

ಭಾನುವಾರ ಪರದೆಯ ಮೇಲೆ ನಿನ್ನ "ಪುಟ್ಟು ಇದೀಯಾ" ಬಂದಾಗ ನಾನು ಏನು ಟೈಪು ಮಾಡಿದೆನೋ ನನಗೇ ನೆನಪಿಲ್ಲ. ತಪ್ಪುಗಳೇ ಇದ್ದವೇನೋ. ಅಷ್ಟು ಹೊತ್ತು ಮಾತಾಡಿದರೂ ಎರಡು ಸಂಗತಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು, ತಪ್ಪು ನನ್ನದೇ. ಶನಿವಾರ ನಿನ್ನ ಕಾಗದ ಬಂದ ಮೇಲೆ ಮೇಷ್ಟ್ರನ್ನು ಕೇಳಿದೆ. "ನಿಮ್ಮ ಯಂತ್ರದ ದಾರಿಪಟ್ಟಿ ಪೂರ್ತಿ ಓದಿದೀರಾ?" ಎಂದರು. ಓದಿದೆ. ಕೇಂದ್ರದಿಂದ ತಾನಾಗಿ ಬಂದ ಸಾಲುಗಳಲ್ಲಿ ನಿನ್ನ ಹೊಸ ನಂಬರು ಸರಿಯಾಗಿಯೇ ಇತ್ತು, ಫೆಬ್ರವರಿಯಿಂದಲೂ. ಅದರ ಮೇಲೆ ನಾನೇ ಕೈಯಲ್ಲಿ ಬರೆದ ಒಂದು ಸಾಲು. ಹತ್ತು ವರ್ಷದ ಹಿಂದೆ ಈ ವ್ಯವಸ್ಥೆ ಹೊಸದಾಗಿ ಬಂದಾಗ, ಅಕ್ಕನ ಮನೆಯ ದಾರಿ ನನಗೆ ಯಂತ್ರ ಹೇಳಬೇಕಾ ಎಂದು ಭಾವನ ಮನೆಯ ನಂಬರನ್ನು ಅಲ್ಲಿ ಬರೆದಿಟ್ಟಿದ್ದೆ. ಆ ನಂಬರು ಎಂದೂ ಬದಲಾಗಲಿಲ್ಲ, ನಾನೂ ಮರೆತೆ. ಕೈಯಲ್ಲಿ ಬರೆದ ಸಾಲಿದ್ದರೆ ಯಂತ್ರ ಅದಕ್ಕೇ ಮರ್ಯಾದೆ ಕೊಡುತ್ತದೆ, ತಾನು ಕೇಳಿಸಿಕೊಂಡದ್ದನ್ನು ಬದಿಗಿಡುತ್ತದೆ. ಎಲ್ಲರೂ ನಿನ್ನ ಹೊಸ ಕೋಣೆಗೆ ಬರುತ್ತಿದ್ದರು. ನಾನೊಬ್ಬನೇ ಹಳೆಯ ಮನೆಯ ಕದ ತಟ್ಟುತ್ತಿದ್ದೆ. ನೀನು ಕರೆದರೂ ನನ್ನ ಯಂತ್ರದ ಮರುಮಾತು ಅಲ್ಲಿಗೇ ಹೋಗುತ್ತಿತ್ತು, ಮರುಮಾತು ನಿನಗೆ ಮುಟ್ಟುವವರೆಗೆ ನನ್ನ ಪರದೆಯ ಮೇಲೆ ಕರೆ ಮೂಡುವುದಿಲ್ಲ.

ಸಾಲು ಅಳಿಸಿದೆ. ನೀನು ಸಿಕ್ಕೆ. ಸೋಮವಾರ ಹಲ್ಲುಜ್ಜುತ್ತಾ ಇರುವಾಗ ಹೊಳೆಯಿತು. ಭಾವನ ಪೆಟ್ಟಿಗೆಯ ದೀಪ ನಾನು ಅಕ್ಕಾ. ಹನ್ನೊಂದು ಭಾನುವಾರ ಅವರು ನೀನೆಂದು ನೋಡುತ್ತಾ ಕೂತದ್ದು ನನ್ನನ್ನು. ಮೊನ್ನೆ ಅದು ಬಡಿದುಕೊಂಡಿರುವುದಿಲ್ಲ. ಅವರಿಗೆ ಹೇಳಬೇಕಾ, ಬೇಡವಾ? ಸಾಲನ್ನು ಮತ್ತೆ ಬರೆದಿಡಲಾ? ಅದೂ ಮೋಸವೇ ಅಲ್ಲವೇ?

ಎರಡನೆಯದು ಕಿವಿ. ಎಡದ್ದು ಹೋದ ವರ್ಷವೇ ಹೋಗಿತ್ತು, ಬಲದ್ದು ಚಳಿಗಾಲದಲ್ಲಿ. ಫೆಬ್ರವರಿ ಒಂಬತ್ತಕ್ಕೆ ಕಂಪ್ರೆಸರಿನ ಕವಾಟ ಸೀಳಿ ಅಮೋನಿಯಾ ಸೋರಿತು. ಅದು ಶಿಳ್ಳೆ ಹೊಡೆದ ಹಾಗೆ ಕೂಗುತ್ತದೆ. ನನ್ನ ಬೆನ್ನ ಹಿಂದೆಯೇ ಕೂಗಿದೆ, ನನಗೆ ಕೇಳಿಸಿಲ್ಲ. ಗಾಳಿ ಪ್ಯಾಕಿಂಗಿನ ಕಡೆಗಿತ್ತು, ವಾಸನೆಯೂ ನನಗೆ ತಡವಾಗಿ ಬಂತು. ಪ್ಯಾಕಿಂಗಿನ ಇಬ್ಬರು ಹೆಂಗಸರು ಕೆಮ್ಮಿ ಕೆಮ್ಮಿ ಬಿದ್ದರು, ಒಬ್ಬಳನ್ನು ಮೂರು ದಿನ ಆಸ್ಪತ್ರೆಯಲ್ಲಿಟ್ಟರು. ಈಗ ಕೆಲಸಕ್ಕೆ ಬಂದಿದ್ದಾಳಂತೆ. ವಿಚಾರಣೆಯಲ್ಲಿ ಮ್ಯಾನೇಜರ್ ಏನೋ ಕೇಳಿದರು. ಕೇಳಿಸಲಿಲ್ಲ ಎನ್ನಲು ನಾಚಿಕೆಯಾಗಿ ತಲೆ ಆಡಿಸಿದೆ. ಆಮೇಲೆ ಕಾಗದದಲ್ಲಿ ನೋಡಿದರೆ ಅವರು ಕೇಳಿದ್ದು, "ನೀನು ಜಾಗದಲ್ಲಿ ಇರ್ಲಿಲ್ಲ ಅಲ್ವಾ?" ಎಂದು. ಹೌದು ಎಂದು ಒಪ್ಪಿಕೊಂಡಿದ್ದೇನೆಂದು ಬರೆದಿದ್ದಾರೆ. ನಾನು ಅಲ್ಲೇ ಇದ್ದೆ ಅಕ್ಕಾ. ಎರಡು ಮಾರು ದೂರದಲ್ಲಿ ಎಣ್ಣೆ ಹಾಕುತ್ತಾ ನಿಂತಿದ್ದೆ.

ನನ್ನದು ರಜೆಯಲ್ಲ, ಎಲ್ಲ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಈ ತಿಂಗಳ ಇಪ್ಪತ್ತೆಂಟಕ್ಕೆ ದೊಡ್ಡವರ ಮುಂದೆ ಇನ್ನೊಂದು ವಿಚಾರಣೆ. ಕೆಲಸದಿಂದ ತೆಗೆಯುತ್ತಾರೆಂದು ಮಾತು. ನಿನ್ನ ನಾದಿನಿಗೆ ಇನ್ನೂ ಪೂರ್ತಿ ಹೇಳಿಲ್ಲ. ಅವಳು ರಜೆಯೆಂದೇ ತಿಳಿದಿದ್ದಾಳೆ, ಅಥವಾ ಹಾಗೆ ತಿಳಿದ ಹಾಗೆ ಇದ್ದಾಳೆ.

ತಮ್ಮ


೧೮ ಮೇ ೨೦೧೨

ಪುಟ್ಟು,

ಬುಧವಾರ ನಾನೇ ಹಳೆಯ ಮನೆಗೆ ಹೋದೆ. ನೀನು ಸಾಲನ್ನು ಮತ್ತೆ ಬರೆಯಬೇಡ.

ಅವರು ಬಾಗಿಲು ತೆರೆದು "ಬಾ" ಎಂದರು. ಮೊದಲ ಮಾತೇ, "ಎರಡು ವಾರದಿಂದ ದೀಪ ಬಡ್ಕೊಳ್ತಿಲ್ಲ. ಹುಷಾರಿದೀಯಾ?" ಎಂದದ್ದು. ನಿಂತುಕೊಂಡೇ ಹೇಳಿದೆ, "ಅದು ನಾನಲ್ಲ. ಪುಟ್ಟು. ಅವನ ಯಂತ್ರಕ್ಕೆ ದಾರಿ ತಪ್ಪಿತ್ತು." ಅವರು ಪೆಟ್ಟಿಗೆಯ ಕಡೆ ನೋಡಿ, "ಹಾಗಾದ್ರೆ ನೀನಲ್ಲ" ಎಂದರು. ನಾನಲ್ಲ ಎಂದೆ.

ಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಾಳೆ ಇತ್ತು. ಹನ್ನೊಂದು ಭಾನುವಾರಗಳ ತಾರೀಖು, ಒಂದೊಂದರ ಎದುರಿಗೆ ವೇಳೆ. ಹತ್ತು ಮೂವತ್ತೊಂದು. ಹತ್ತು ಮೂವತ್ನಾಲ್ಕು. ಹತ್ತು ಇಪ್ಪತ್ತೊಂಬತ್ತು. ಒಂದನ್ನೂ ಹತ್ತೂವರೆ ಮಾಡಿರಲಿಲ್ಲ. ನಾನು ಆ ಹಾಳೆಯನ್ನು ಕೈಗೆತ್ತಿಕೊಂಡು ನೋಡಿದ್ದನ್ನು ಅವರು ನೋಡಿದರು. ಚಹಾ ಮಾಡಿದರು, ಸಕ್ಕರೆ ಹಾಕಿದ್ದರು. ಕುಡಿದು ಹೊರಟೆ. ಮೆಟ್ಟಿಲಿಳಿಯುವಾಗ "ಪೆಟ್ಟಿಗೆ ಆರಿಸ್ಲಾ?" ಎಂದು ಕೇಳಿದರು. "ನಿಮ್ಮಿಷ್ಟ" ಎಂದೆ. ಆ ಹಾಳೆಯಿಂದ ನಾನು ಏನು ತಿಳಿದುಕೊಳ್ಳಬೇಕೋ ನನಗೆ ಗೊತ್ತಿಲ್ಲ. ಮುಂದಿನ ಬುಧವಾರ ಹೋಗುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ಗೊತ್ತಾದಾಗ ಮೊದಲು ನಿನಗೆ ಹೇಳುತ್ತೇನೆ, ಕೇಂದ್ರದ ಪಟ್ಟಿ ಸಾರುವ ಮೊದಲು.

ಈಗ ನಿನ್ನ ವಿಷಯ. ಇವತ್ತೇ ನಿನ್ನ ಹೆಂಡತಿಗೆ ಎಲ್ಲ ಹೇಳು. ನಾನು ಇಪ್ಪತ್ತೇಳನೇ ತಾರೀಖು ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ, ಸೋಮವಾರ ನಿನ್ನ ಜೊತೆ ವಿಚಾರಣೆಗೆ ಕೂರುತ್ತೇನೆ. ಅಕ್ಕನನ್ನು ಯಾಕೆ ಕರೆತಂದೆ ಎಂದು ಅವರು ಕೇಳಲಿ, ಉತ್ತರ ನನ್ನ ಹತ್ತಿರ ಇದೆ: ಇವನಿಗೆ ಕೇಳಿಸುವುದಿಲ್ಲ, ನಿಮ್ಮ ಯಂತ್ರಗಳ ಪಕ್ಕ ಮೂವತ್ತು ವರ್ಷ ನಿಂತು ಕೇಳಿಸದ ಹಾಗಾಗಿದೆ. ಅಷ್ಟನ್ನು ಅವರು ಬರೆದುಕೊಳ್ಳಲಿ. ಕೆಲಸ ಉಳಿಯುತ್ತದೋ, ಬೇರೆ ಕೆಲಸಕ್ಕೆ ಹಾಕುತ್ತಾರೋ ನನಗೆ ತಿಳಿಯದು. ಆಗದ್ದನ್ನು ಆಯಿತೆಂದು ಬರೆದ ಕಾಗದ ಮಾತ್ರ ನಿನ್ನ ಹೆಸರಲ್ಲಿ ಉಳಿಯಬಾರದು.

ಅವರು ಕೇಳಿದ್ದನ್ನೆಲ್ಲ ನಾನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತೇನೆ. ಪೂರ್ತಿ ಓದು. ಓದುವವರೆಗೆ ಅವರೆಲ್ಲ ಕಾಯಲಿ, ಅವರಿಗೇನು ಬಸ್ಸು ತಪ್ಪುವುದಿಲ್ಲ. ತಲೆ ಆಡಿಸುವುದು ಆಮೇಲೆ.

ಅಕ್ಕ